ಲ್ಯಾಬಿಗೆ ಹೋಗುವ ಹಿಂದಿನ ರಾತ್ರಿ

ಮ್ಯಾಡಿಸನ್, ಅಮೆರಿಕ, ಆಗಸ್ಟ್ 25

ಅಪ್ಪ, ಅವ್ವ, ಅಜ್ಜ ಮೂವರಿಗೂ ನಮಸ್ಕಾರ. ಪುಟ್ಟಿಗೆ ಮುತ್ತು.

ನಾನು ಇಲ್ಲಿ ಆರಾಮಿದ್ದೇನೆ. ನೀವೂ ಆರಾಮಿದ್ದೀರಿ ಅಂದುಕೊಂಡಿದ್ದೇನೆ. ಮೊನ್ನೆ ಫೋನಿನಲ್ಲಿ ಪುಟ್ಟಿ "ಅಕ್ಕಾ, ಈ ಸಲ ಆರ್ಗ್ಯಾನಿಕ್ ಕೆಮಿಸ್ಟ್ರಿ ಪ್ರಾಕ್ಟಿಕಲ್ ಶುರು ಆಗ್ತದ, ನನಗ ಹೆದರಿಕಿ ಆಗ್ತದ" ಅಂದಳು. ಅಷ್ಟರಲ್ಲಿ ಕರೆಂಟು ಹೋಗಿ ಮಾತು ನಿಂತಿತು. ಆಮೇಲೆ ರಾತ್ರಿಯೆಲ್ಲ ಅದೇ ತಲೆಯಲ್ಲಿತ್ತು. ಯಾಕೆಂದರೆ ಮುಂದಿನ ವಾರದಿಂದ ನನಗೂ ಇಲ್ಲಿ ಅದೇ ಕೆಲಸ: ಡಿಗ್ರಿ ಹುಡುಗ ಹುಡುಗಿಯರ ಆರ್ಗ್ಯಾನಿಕ್ ಲ್ಯಾಬ್ ನೋಡಿಕೊಳ್ಳುವುದು. ವಾರಕ್ಕೆ ಒಂದು ಮಧ್ಯಾಹ್ನ, ನಾಲ್ಕು ತಾಸು, 20 ಮಂದಿ. ಅವರಿಗೆ ಮೊದಲ ದಿನ ಏನು ಹೇಳಬೇಕು ಅಂತ ಬರೆಯಲು ಕೂತೆ. ಬರೆಯುತ್ತಾ ಬರೆಯುತ್ತಾ ಇದನ್ನು ಮೊದಲು ಪುಟ್ಟಿಗೆ ಹೇಳಬೇಕು ಅನಿಸಿತು. ಫೋನಿನಲ್ಲಿ ಇಷ್ಟೆಲ್ಲ ಆಗುವುದಿಲ್ಲ, ಅದಕ್ಕೇ ಕಾಗದ. ಪುಟ್ಟಿ, ಅಜ್ಜನಿಗೆ ನೀನೇ ಓದಿ ಹೇಳು, ಅವರ ವಿಷಯವೂ ಕೊನೆಯಲ್ಲಿ ಇದೆ.

ನಾನು ಬಿಎಸ್ಸಿಯಲ್ಲಿದ್ದಾಗ ಏನು ಮಾಡುತ್ತಿದ್ದೆ ಅಂತ ನಿನಗೆ ಯಾವತ್ತೂ ಹೇಳಿಲ್ಲ. ಸೀನಿಯರ್ ಒಬ್ಬಳ ರೆಕಾರ್ಡ್, ಅಂದರೆ ಪ್ರಯೋಗ ಬರೆಯುವ ಪುಸ್ತಕ, ಇಸಕೊಂಡು, ನೋಡಿ ಬರೆದು, ಸಹಿ ಮಾಡಿಸುತ್ತಿದ್ದೆ. ಎಲ್ಲರೂ ಹಾಗೇ ಮಾಡುತ್ತಿದ್ದರು. ಒಂದು ದಿನ ಮಿಶ್ರಣ ಬೇರ್ಪಡಿಸುವ ಪ್ರಯೋಗ ಇತ್ತು. ರೆಕಾರ್ಡಿನಲ್ಲಿ "ಮೇಲಿನ ಪದರ ಇಟ್ಟುಕೊಳ್ಳಿ" ಅಂತ ಇತ್ತು, ಯಾಕೆಂದರೆ ಅವಳ ವರ್ಷ ಬೇಕಾದ ವಸ್ತುವನ್ನು ಕರಗಿಸಿ ತೆಗೆಯಲು ಈಥರ್ ಎಂಬ ದ್ರವ ಬಳಸಿದ್ದರು. ನಮಗೆ ಈಥರ್ ಸಿಗದೆ ಡೈಕ್ಲೋರೋಮೀಥೇನ್ ಕೊಟ್ಟಿದ್ದರು. ಈಥರ್ ನೀರಿಗಿಂತ ಹಗುರ, ಒಂದು ಮಿಲಿಲೀಟರ್ 0.71 ಗ್ರಾಂ, ಅದು ತೇಲುತ್ತದೆ. ಡೈಕ್ಲೋರೋಮೀಥೇನ್ 1.33 ಗ್ರಾಂ, ಅದು ನೀರಿನ ಕೆಳಗೆ ಕೂರುತ್ತದೆ. ನಾನು ರೆಕಾರ್ಡ್ ನಂಬಿ ಕೆಳಗಿನ ಪದರವನ್ನು ಸಿಂಕಿಗೆ ಬಿಟ್ಟೆ. ಕೈಯಲ್ಲಿ ಉಳಿದದ್ದು ನೀರು. ಮೂರು ತಾಸಿನ ಕೆಲಸ ಮೋರಿಗೆ ಹೋಯಿತು. ಆದರೂ ಆ ದಿನದ ರೆಕಾರ್ಡಿಗೆ ಪೂರ್ತಿ ಅಂಕ ಬಂತು, ಅದು ನನಗೆ ಈಗಲೂ ಚುಚ್ಚುತ್ತದೆ.

ಅದಕ್ಕೇ ನನ್ನ ಬ್ಯಾಚಿನ ಮೊದಲ ಮಾತು ಇದು: ಲ್ಯಾಬಿನ ಕೆಲಸದ ಅರ್ಧ ಹಿಂದಿನ ರಾತ್ರಿ ಮನೆಯಲ್ಲೇ ಮುಗಿದಿರಬೇಕು. ಬಾಗಿಲಲ್ಲಿ ನಿಂತು ಒಬ್ಬೊಬ್ಬರಿಗೂ ಒಂದೊಂದು ಪ್ರಶ್ನೆ ಕೇಳುತ್ತೇನೆ. ಕಷ್ಟದ್ದಲ್ಲ. "ಇವತ್ತು ಯಾವ ಪದರ ಮೇಲೆ ಬರುತ್ತದೆ, ಯಾಕೆ?" ಅಷ್ಟೇ. ಗೊತ್ತಿಲ್ಲದವರು ಹೊರಗೆ ಹತ್ತು ನಿಮಿಷ ಕೂತು ನೋಡಿಕೊಂಡು ಬರಲಿ. ಲ್ಯಾಬಿನಲ್ಲೂ ಅನುಮಾನ ಬಂದರೆ ಒಂದು ಹನಿ ನೀರು ಬಿಟ್ಟು ನೋಡು, ಅದು ಯಾವ ಪದರದಲ್ಲಿ ಬೆರೆಯುತ್ತದೋ ಅದೇ ನೀರಿನ ಪದರ. ಏನೇ ಆದರೂ, ಕೊನೆಯ ಹರಳು ಒಣಗಿ ತೂಕ ಆಗುವವರೆಗೆ ಯಾವುದನ್ನೂ ಚೆಲ್ಲಬೇಡ.

ಹಿಂದಿನ ರಾತ್ರಿ ಏನು ಮಾಡಬೇಕು? ನಿಮಗೂ ಬರುವಂಥದ್ದನ್ನೇ ತೆಗೆದುಕೊಳ್ಳೋಣ, ಆಸ್ಪಿರಿನ್ ತಯಾರಿಕೆ. ಅಜ್ಜ ದಿನಾ ಊಟ ಆದಮೇಲೆ ನುಂಗುತ್ತಾರಲ್ಲ, 75 ಮಿಲಿಗ್ರಾಂ ಗುಳಿಗೆ, ಅದೇ ವಸ್ತು. 1897ರಲ್ಲಿ ಜರ್ಮನಿಯ ಬೇಯರ್ ಕಂಪನಿಯಲ್ಲಿ ಫೆಲಿಕ್ಸ್ ಹಾಫ್‌ಮನ್ ಇದನ್ನು ಶುದ್ಧವಾಗಿ ಮಾಡಿದರು. ನೋಟ್‌ಬುಕ್ ತೆಗೆದು ಮೊದಲು ಒಂದು ಕೋಷ್ಟಕ ಹಾಕು: ಏನೇನು ಬೇಕು, ಎಷ್ಟು, ಯಾವುದು ಕೈ ಸುಡುತ್ತದೆ, ಯಾವುದಕ್ಕೆ ಬೆಂಕಿ ಹತ್ತುತ್ತದೆ. ಆಮೇಲೆ ಲೆಕ್ಕ. 138 ಗ್ರಾಂ ಸ್ಯಾಲಿಸಿಲಿಕ್ ಆಮ್ಲದಿಂದ 180 ಗ್ರಾಂ ಆಸ್ಪಿರಿನ್ ಬರಬೇಕು, ಹಾಗಾದರೆ 2 ಗ್ರಾಂ ಹಾಕಿದರೆ 2.61 ಗ್ರಾಂ. ಸ್ಯಾಲಿಸಿಲಿಕ್ ಆಮ್ಲದ ಜೊತೆ ಸೇರಿ ಆಸ್ಪಿರಿನ್ ಆಗುವ ಅಸಿಟಿಕ್ ಅನ್‌ಹೈಡ್ರೈಡ್ ಒಂದೂವರೆ ಗ್ರಾಂ ಸಾಕು, ಆದರೆ 5 ಮಿಲಿಲೀಟರ್ ಹಾಕುತ್ತೇವೆ, ಅಂದರೆ 5.4 ಗ್ರಾಂ. ಯಾಕೆ ಜಾಸ್ತಿ? ಸ್ಯಾಲಿಸಿಲಿಕ್ ಆಮ್ಲ ಒಂದಿಷ್ಟೂ ಹಾಗೇ ಉಳಿಯದಿರಲಿ ಅಂತ. ನಾಲ್ಕೈದು ಹನಿ ಸಲ್ಫ್ಯೂರಿಕ್ ಆಮ್ಲ ಯಾಕೆ? ಕೆಲಸ ಬೇಗ ಆಗಲಿ ಅಂತ. ಕೊನೆಯಲ್ಲಿ ನೀರು ಯಾಕೆ, ಅದೂ ಹನಿ ಹನಿಯಾಗಿ? ಉಳಿದ ಅನ್‌ಹೈಡ್ರೈಡನ್ನು ನೀರು ಮುರಿಯುತ್ತದೆ, ಆಗ ಬಿಸಿ ಏಳುತ್ತದೆ, ಒಮ್ಮೆಲೇ ಸುರಿದರೆ ಮುಖಕ್ಕೆ ಸಿಡಿಯುತ್ತದೆ. ಹೀಗೆ ಪ್ರತಿ ಸಾಲಿನ ಪಕ್ಕ ಒಂದು "ಯಾಕೆ" ಬರೆದುಕೊಂಡು ಹೋದರೆ ಪುಸ್ತಕ ನೋಡುವ ಅವಶ್ಯಕತೆಯೇ ಬೀಳುವುದಿಲ್ಲ.

ಇನ್ನೊಂದು ವಿಷಯ ಸಮಯದ್ದು. ಫ್ಲಾಸ್ಕ್ ಬಿಸಿನೀರಿನಲ್ಲಿ 15 ನಿಮಿಷ ಇರುತ್ತದೆ, ಆ ಹೊತ್ತಿನಲ್ಲಿ ಮುಕ್ಕಾಲು ಪಾಲು ಮಂದಿ ಸುಮ್ನೆ ನಿಂತಿರುತ್ತಾರೆ. ಆಗಲೇ ಐಸ್ ತಂದಿಡಬೇಕು, ತೊಳೆಯುವ ನೀರನ್ನು ಐಸಿನಲ್ಲಿ ಇಡಬೇಕು, ಹರಳು ಸೋಸುವ ಬುಖ್ನರ್ ಫನಲ್ ಜೋಡಿಸಬೇಕು, ಹರಳು ಇಡುವ ಗಾಜಿನ ತಟ್ಟೆ, ಅಂದರೆ ವಾಚ್ ಗ್ಲಾಸ್, ಖಾಲಿ ಇರುವಾಗಲೇ ತೂಗಿ ಬರೆದಿಡಬೇಕು. ಈ ಕೊನೆಯದು ಎಷ್ಟು ಜನ ಮರೆಯುತ್ತಾರೆ ಗೊತ್ತಾ! ಅಪ್ಪ, ನೀವು ಗಂಜ್ ಮಾರ್ಕೆಟ್ಟಿನಲ್ಲಿ ಹತ್ತಿ ತೂಗುವಾಗ ಚೀಲದ ತೂಕ ಕಳೆಯದೆ ಪಟ್ಟಿ ಬರೆದದ್ದು ನಾನು ಒಮ್ಮೆಯೂ ನೋಡಿಲ್ಲ. ನಾನು ತಕ್ಕಡಿ ಮುಂದೆ ನಿಂತಾಗಲೆಲ್ಲ ನಿಮ್ಮ ನೆನಪಾಗುತ್ತದೆ.

ಪುಟ್ಟಿ, ಹರಳು ಬೀಳುವುದನ್ನು ನೀನು ಕಣ್ಣಾರೆ ನೋಡಬೇಕು. ಬೆಂಜೋಯಿಕ್ ಆಮ್ಲ ಕೊಟ್ಟರೆ ನಿನ್ನ ಅದೃಷ್ಟ. ತಣ್ಣೀರಿನಲ್ಲಿ ಲೀಟರಿಗೆ ಮೂರೂವರೆ ಗ್ರಾಂನಷ್ಟೂ ಕರಗುವುದಿಲ್ಲ, ಕುದಿಯುವ ನೀರಿನಲ್ಲಿ 50 ಗ್ರಾಂಗೂ ಜಾಸ್ತಿ ಕರಗುತ್ತದೆ. ಪೂರ್ತಿ ಆಟ ಈ ಎರಡು ಅಂಕಿಗಳ ನಡುವೆಯೇ ಇದೆ. ಕುದಿಯುವ ನೀರನ್ನು ಸ್ವಲ್ಪ ಸ್ವಲ್ಪ ಹಾಕಿ, ಕರಗುವಷ್ಟಕ್ಕೇ ನಿಲ್ಲಿಸಬೇಕು. ನೀರು ಜಾಸ್ತಿ ಆದರೆ ತಣ್ಣಗಾದ ಮೇಲೆ ಹರಳು ಬೀಳುವುದಿಲ್ಲ, ಎಲ್ಲ ನೀರಿನಲ್ಲೇ ಉಳಿಯುತ್ತದೆ. ಬಿಸಿಯಾಗಿರುವಾಗಲೇ ಸೋಸಿ, ಫ್ಲಾಸ್ಕನ್ನು ಟೇಬಲ್ ಮೇಲಿಟ್ಟು ಕೈ ತೆಗೆದುಬಿಡು. ಅಲ್ಲಾಡಿಸಬೇಡ, ಐಸಿಗೆ ತುರುಕಬೇಡ. ಮೊದಲು ಏನೂ ಕಾಣುವುದಿಲ್ಲ. ಆಮೇಲೆ ಎಲ್ಲೋ ಒಂದು ಕಡೆ ಸೂಜಿ ಮೊನೆಯಷ್ಟು ಮಿಂಚುತ್ತದೆ, ಅದರ ಪಕ್ಕ ಇನ್ನೊಂದು, ನೋಡುತ್ತಿದ್ದ ಹಾಗೆ ಫ್ಲಾಸ್ಕ್ ತುಂಬ ಬಿಳಿ ಎಳೆಗಳು. ಬರದೇ ಇದ್ದರೆ ಗಾಜಿನ ಕಡ್ಡಿಯಿಂದ ಒಳಗೋಡೆಯನ್ನು ಮೆಲ್ಲಗೆ ಗೀಚು. ಅವಸರ ಮಾಡಿ ತಣಿಸಿದರೆ ಹರಳು ಸಣ್ಣದಾಗುತ್ತದೆ, ಕಸವನ್ನೂ ಒಳಗೇ ಹಿಡಿದುಕೊಂಡು ಬೆಳೆಯುತ್ತದೆ. ಕಲ್ಲುಸಕ್ಕರೆ ಯಾಕೆ ಅಷ್ಟು ದಿನ ಕಾದು ಮಾಡುತ್ತಾರೆ ಅಂತ ನನಗೆ ಗೊತ್ತಾದದ್ದು ಈ ಪ್ರಯೋಗದಲ್ಲೇ.

ಅವ್ವ, ಮುಂದಿನದು ಓದಿ ಗಾಬರಿ ಆಗಬೇಡ, ಆದರೆ ಪುಟ್ಟಿಗೆ ಹೇಳಲೇಬೇಕು. 2008ರ ಡಿಸೆಂಬರಿನಲ್ಲಿ ಲಾಸ್ ಏಂಜಲೀಸಿನ ವಿಶ್ವವಿದ್ಯಾಲಯವೊಂದರ ಲ್ಯಾಬಿನಲ್ಲಿ 23 ವರ್ಷದ ಹುಡುಗಿಯೊಬ್ಬಳು ಸಿರಿಂಜಿನಲ್ಲಿ ಒಂದು ದ್ರವ ಎಳೆಯುತ್ತಿದ್ದಳು, ಗಾಳಿ ತಾಗಿದರೆ ತಾನೇ ಹೊತ್ತಿಕೊಳ್ಳುವಂಥದ್ದು. ಅದು ಚೆಲ್ಲಿತು. ಲ್ಯಾಬ್ ಕೋಟ್ ಹಾಕಿರಲಿಲ್ಲ. ಮೈಮೇಲೆ ಸಿಂಥೆಟಿಕ್ ಸ್ವೆಟರ್ ಇತ್ತು, ಅದಕ್ಕೆ ಬೆಂಕಿ ಹತ್ತಿತು. 18 ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡಳು. ಅಂಥ ದ್ರವ ಬಿಎಸ್ಸಿ ಲ್ಯಾಬಿನಲ್ಲಿ ಇರುವುದಿಲ್ಲ, ಆದರೆ ಬರ್ನರ್ ಇರುತ್ತದೆ, ಸ್ಪಿರಿಟ್ ಇರುತ್ತದೆ. ಪುಟ್ಟಿ, ಲ್ಯಾಬ್ ದಿನ ಆ ನೈಲಾನ್ ಚೂಡಿದಾರ ಬೇಡ. ಹತ್ತಿ ಬಟ್ಟೆ ಹಾಕಿಕೋ, ಸುಟ್ಟರೂ ಅದು ಕರಗಿ ಮೈಗೆ ಅಂಟುವುದಿಲ್ಲ. ವೇಲ್ ತೆಗೆದಿಡು, ಜಡೆ ಎತ್ತಿ ಕಟ್ಟು, ಚಪ್ಪಲಿ ಬಿಟ್ಟು ಶೂ ಹಾಕು. ಅಪ್ಪ, ಲ್ಯಾಬ್ ಕೋಟ್ ತೆಗೆದುಕೊಳ್ಳುವಾಗ ಪೂರ್ತಿ ಹತ್ತಿಯದೇ ಕೇಳಿ, ಮಿಕ್ಸ್ ಬಟ್ಟೆಯದು ಬೇಡ. ಹತ್ತಿ ಯಾವುದು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಕನ್ನಡಕವೂ ಬೇಕು, ಕಾಲೇಜಿನಲ್ಲಿ ಕೊಡದಿದ್ದರೆ ನಾನು ದುಡ್ಡು ಹಾಕುತ್ತೇನೆ.

ಈಥರ್ ಬಗ್ಗೆ ಒಂದು ಮಾತು. ಅದು ಕುದಿಯುವುದು 35 ಡಿಗ್ರಿಯಲ್ಲಿ. ಇಲ್ಲಿಯ ಚಳಿಯಲ್ಲಿ ಅದು ಬಾಟಲಿಯಲ್ಲಿ ತಣ್ಣಗೆ ಕೂತಿರುತ್ತದೆ. ನಮ್ಮ ರಾಯಚೂರಿನ ಮೇ ತಿಂಗಳಲ್ಲಿ 40 ದಾಟುತ್ತದೆ ಅಲ್ವಾ, ಅಲ್ಲಿ ಮುಚ್ಚಳ ತೆಗೆದರೆ ಒಲೆಯೇ ಬೇಕಿಲ್ಲ. ಅದರ ಆವಿ ಗಾಳಿಗಿಂತ ಭಾರ, ಟೇಬಲ್ ಮೇಲೆ ಹರಿದು ಆ ತುದಿಯ ಬರ್ನರ್‌ವರೆಗೂ ಹೋಗುತ್ತದೆ. ಈಥರ್ ಹೊರಗಿದ್ದರೆ ರೂಮಿನಲ್ಲಿ ಒಂದೂ ಬರ್ನರ್ ಉರಿಯಬಾರದು. ಪಕ್ಕದವರಿಗೂ ಹೇಳು. ಹೇಳಲು ಸಂಕೋಚ ಮಾಡಬೇಡ.

ಕೊನೆಗೆ ನೋಟ್‌ಬುಕ್. ಇಲ್ಲಿ ಪೆನ್ನಿನಲ್ಲೇ ಬರೆಯಬೇಕು, ಹಾಳೆ ಹರಿಯುವಂತಿಲ್ಲ, ತಪ್ಪಾದರೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಬರೆಯಬೇಕು, ಕೆಳಗಿನದು ಓದಲು ಬರುವ ಹಾಗೆ. ನೋಡಿದ್ದನ್ನು ನೋಡಿದ ಹೊತ್ತಿಗೇ ಬರೆಯಬೇಕು. ಆಸ್ಪಿರಿನ್ 1.95 ಗ್ರಾಂ ಬಂದರೆ ಅದು ನೂರಕ್ಕೆ 75, ಹಾಗೇ ಬರೆ. ಕರಗುವ ಬಿಂದು ಪುಸ್ತಕದಲ್ಲಿ 135 ಇದ್ದು ನಿನಗೆ 128ರಿಂದ 132 ಬಂದರೆ ಅದನ್ನೇ ಬರೆ, ನಿನ್ನ ಹರಳಿನಲ್ಲಿ ಇನ್ನೂ ಏನೋ ಬೆರೆತಿದೆ ಅಂತ ಆ ಅಂಕಿಯೇ ಹೇಳುತ್ತಿದೆ. ಫೆರಿಕ್ ಕ್ಲೋರೈಡ್ ಒಂದು ಹನಿ ಹಾಕು, ನೇರಳೆ ಬಣ್ಣ ಬಂದರೆ ಸ್ಯಾಲಿಸಿಲಿಕ್ ಆಮ್ಲ ಉಳಿದಿದೆ ಅಂತ ಗೊತ್ತಾಗುತ್ತದೆ. ಪುಸ್ತಕದ ಅಂಕಿ ನಕಲು ಮಾಡಿದ್ದರೆ ಇದನ್ನು ಕಲಿಯುವ ದಾರಿಯೇ ಮುಚ್ಚಿಹೋಗುತ್ತಿತ್ತು. ನನ್ನ 20 ಮಂದಿಗೆ ಇದನ್ನು ಮೊದಲೇ ಹೇಳುತ್ತೇನೆ: ಕಡಿಮೆ ಬಂದದ್ದಕ್ಕೆ ಅಂಕ ಕಡಿಮೆ ಮಾಡುವುದಿಲ್ಲ, ಯಾಕೆ ಕಡಿಮೆ ಬಂತು ಅಂತ ಬರೆಯದಿದ್ದರೆ ಮಾಡುತ್ತೇನೆ. ನಿಮ್ಮ ಕಾಲೇಜಿನಲ್ಲಿ ಬೇರೆ ರೀತಿ ಇರಬಹುದು. ಆಗಲೂ ನಿನ್ನದೇ ಒಂದು 100 ಪುಟದ ನೋಟ್‌ಬುಕ್ ಬೇರೆ ಇಟ್ಟುಕೋ, ಅದರಲ್ಲಿ ನಿಜ ಇರಲಿ.

ಅಜ್ಜಾ, ಈಗ ನಿಮ್ಮ ವಿಷಯ. ನೀವು ಗುಳಿಗೆಗಳನ್ನು ಪಟ್ಟಿಯಿಂದ ಬಿಡಿಸಿ ಸ್ಟೀಲ್ ಡಬ್ಬಿಗೆ ಹಾಕಿಡುತ್ತೀರಲ್ಲ, ಹಾಗೆ ಮಾಡಬೇಡಿ. ಆಸ್ಪಿರಿನ್‌ಗೆ ತೇವ ತಾಗಿದರೆ ಮುರಿದು ಮತ್ತೆ ಸ್ಯಾಲಿಸಿಲಿಕ್ ಆಮ್ಲ ಆಗುತ್ತದೆ, ಜೊತೆಗೆ ವಿನೆಗರ್‌ನಲ್ಲಿರುವ ಹುಳಿ ಹುಟ್ಟುತ್ತದೆ. ಪುಟ್ಟಿ, ಇವತ್ತೇ ಆ ಡಬ್ಬಿ ತೆರೆದು ಮೂಸಿ ನೋಡು. ಹುಳಿ ವಾಸನೆ ಬಂದರೆ ಎಲ್ಲ ಬಿಸಾಡಿ ಹೊಸದು ತರಿಸಿ. ಮಳೆಗಾಲ ಬೇರೆ. ಮತ್ತೆ, ನೀನು ಲ್ಯಾಬಿನಲ್ಲಿ ಮಾಡಿದ ಆಸ್ಪಿರಿನ್ 26 ಗುಳಿಗೆಗೆ ಆಗುವಷ್ಟು ಬಂದರೂ ಅದನ್ನು ಯಾರೂ ಬಾಯಿಗೆ ಹಾಕಬಾರದು.

ಅವ್ವ, ಗುರೆಳ್ಳು ಚಟ್ನಿಪುಡಿ ಮುಗಿಯುತ್ತಾ ಬಂತು. ಯಾರಾದರೂ ಈ ಕಡೆ ಬರುವವರಿದ್ದರೆ ಅರ್ಧ ಕೆಜಿ ಕಳಿಸು. ಮೊಣಕಾಲು ಹೇಗಿದೆ ಅಂತ ಪ್ರತಿಸಲ ಕೇಳಿದಾಗಲೂ ಮಾತು ತೇಲಿಸುತ್ತೀ, ಈ ಸಲ ಡಾಕ್ಟರ್ ಹತ್ತಿರ ಹೋಗಿ ಬಂದ ಮೇಲೇ ಫೋನ್ ಮಾಡು.

ಪುಟ್ಟಿ, ಮೊದಲ ಪ್ರಯೋಗದ ಹಿಂದಿನ ರಾತ್ರಿ ಬರೆದ ಪುಟದ ಫೋಟೋ ನನಗೆ ಕಳಿಸು. ನಿಮಗೆ ರಾತ್ರಿ ಹತ್ತಾದರೆ ನನಗೆ ಬೆಳಗ್ಗೆ ಹನ್ನೊಂದೂವರೆ, ಎದ್ದೇ ಇರುತ್ತೇನೆ. ನೋಡಿ ಆಗಲೇ ಫೋನ್ ಮಾಡುತ್ತೇನೆ.

ನಿಮ್ಮ
ದೊಡ್ಡ ಮಗಳು