ಬಲೂನು ಒಡೆದ ಮೇಲೆ

ಸಾಗರ

ಚಿ. ಪುಟ್ಟಿಗೆ ಮಾವನ ಆಶೀರ್ವಾದಗಳು.

ಮೊನ್ನೆ ನಿನ್ನ ಫೋನು ಬಂದಾಗ ಅಂಗಳದಲ್ಲಿ ಅಡಿಕೆ ಹರವುತ್ತಿದ್ದೆ. ಮೋಡ ಬೇರೆ ಕವಿದಿತ್ತು. ಅರ್ಧ ಕೇಳಿ ಅರ್ಧ ಬಿಟ್ಟು 'ಆಯ್ತು ಬಿಡು, ಸರಿ ಹೋಗುತ್ತೆ' ಅಂದುಬಿಟ್ಟೆ. ಅತ್ತೆ ಆಮೇಲೆ ಚೆನ್ನಾಗಿ ಬೈದಳು. 'ಮೂವತ್ತು ವರ್ಷ ಡ್ರಾಯಿಂಗ್ ಮೇಷ್ಟ್ರಾಗಿದ್ದವರು, ಹುಡುಗಿ ಅಳುವ ಹಾಗಿದ್ದಾಳೆ, ಎರಡು ಮಾತು ಹೇಳಬಾರದಾ' ಅಂದಳು. ಅದಕ್ಕೇ ಈ ಕಾಗದ. ಮೆಸೇಜಲ್ಲಿ ಇಷ್ಟೆಲ್ಲ ಒತ್ತುವುದು ನನ್ನಿಂದ ಆಗೋಲ್ಲ.

ನೀನು ಹೇಳಿದ್ದನ್ನು ನಾನು ಹೀಗೆ ತಿಳಿದುಕೊಂಡಿದ್ದೇನೆ. ಡ್ರಾಯಿಂಗ್ ಪಾಠ ಮಾಡಲು ಎಂಟನೇ ಕ್ಲಾಸಿಗೆ ಹೋಗಿ, ಏನೂ ಮಾತಾಡದೆ ಚೀಲದಿಂದ ದೊಡ್ಡ ಬಲೂನು ತೆಗೆದು ಸೂಜಿ ಚುಚ್ಚಿದೆ. ಫಟ್ ಅಂತು. ಒಳಗಿದ್ದ ರಂಗೋಲಿ ಪುಡಿ ಮುಂದಿನ ಬೆಂಚಿನವರ ತಲೆಯ ಮೇಲೆ. ಮಕ್ಕಳು ಕಿರುಚಿದರು, ನಕ್ಕರು, ಚಪ್ಪಾಳೆ ಹೊಡೆದರು. 'ಈಗ ನಿಮಗೆ ತೋಚಿದ್ದು ಬರೀರಿ' ಅಂದೆ. ಬಂದದ್ದೇನು? ಅದೇ ಎರಡು ಗುಡ್ಡ, ನಡುವೆ ಸೂರ್ಯ, ಕೆಳಗೆ ಹೊಳೆ, ದಡದಲ್ಲಿ ಗುಡಿಸಲು, ಬಾಗಿದ ತೆಂಗಿನ ಮರ, ಆಕಾಶದಲ್ಲಿ ನಾಲ್ಕು ಹಕ್ಕಿ. ಒಬ್ಬ ಮಾತ್ರ ಸೂರ್ಯನ ಜಾಗದಲ್ಲಿ ಬಲೂನು ಬರೆದಿದ್ದ. ಎಲ್ಲರೂ ನಕ್ಕರು. ನೀನು ಅವನಿಗೆ ಬೇರೆ ಹಾಳೆ ಕೊಟ್ಟೆ.

ಮೊದಲು ಆ ಎರಡು ಗುಡ್ಡದ ವಿಷಯ. ಅದನ್ನು ಕಂಡು ಸಿಟ್ಟಾಗಬೇಡ. ಸಿಂಧನೂರಿನ ಆ ಮಟ್ಟಸ ಬತ್ತದ ಬಯಲಿನಲ್ಲಿ ಎರಡು ಗುಡ್ಡದ ನಡುವೆ ಸೂರ್ಯ ಹುಟ್ಟುವುದನ್ನು ನಿನ್ನ ಮಕ್ಕಳು ಯಾವತ್ತೂ ನೋಡಿರಲಿಕ್ಕಿಲ್ಲ. ನೋಡುವುದು ಕಾಲುವೆ ನೀರು, ಕೊಯ್ಲಿನ ಮಿಷನ್ನು, ಗದ್ದೆಯಲ್ಲಿ ನಿಂತ ಕೊಕ್ಕರೆ. ಆದರೂ ಕೈ ಆ ಗುಡ್ಡಕ್ಕೇ ಹೋಗುತ್ತದೆ. ಯಾಕೆ ಅಂದರೆ ಅದನ್ನು ಬರೆದರೆ ಯಾರೂ ಬೈಯುವುದಿಲ್ಲ. ಅಣ್ಣ ಬರೆದಿದ್ದ, ಪಕ್ಕದವಳು ಬರೆದಿದ್ದಾಳೆ, ಹೋದ ವರ್ಷದ ಟೀಚರು 'ಗುಡ್' ಹಾಕಿದ್ದರು. ಕಣ್ಣು ಮುಚ್ಚಿಕೊಂಡು ಬರೆಯಬಹುದಾದ ಚಿತ್ರ ಅದು. ಬರೆಯುವಾಗ ಮಗು ನೋಡುವುದೂ ಇಲ್ಲ, ಯೋಚಿಸುವುದೂ ಇಲ್ಲ.

ನಿನ್ನ ಬಲೂನು ಬೆಚ್ಚಿಸಿದ್ದು ಕಿವಿಯನ್ನು. ಕೈಗೆ ಏನೂ ಆಗಲಿಲ್ಲ. ಸದ್ದು ಮುಗಿಯಿತು, ಪೆನ್ಸಿಲು, ರಬ್ಬರು, ಹಾಳೆ ಎಲ್ಲ ಇದ್ದ ಹಾಗೇ ಇತ್ತು. ಕೈ ತನ್ನ ಹಳೆ ದಾರಿ ಹಿಡಿಯಿತು. ಇನ್ನೇನು ಮಾಡುತ್ತೆ ಪಾಪ? ಅಚ್ಚರಿ ಆಗಬೇಕಾದ್ದು ಬರೆಯುತ್ತಿರುವಾಗ, ಹಾಳೆಯ ಮೇಲೆ. 'ಅರೇ, ಇದು ನಾನು ಬರೆದದ್ದಾ?' ಅಂತ ಮಗು ತನ್ನ ಕೈಯನ್ನೇ ನೋಡಿಕೊಳ್ಳಬೇಕು.

ಜರ್ಮನಿಯಲ್ಲಿ ಬೌಹೌಸ್ ಅಂತ ಒಂದು ಕಲಾಶಾಲೆ ಇತ್ತು. 1919ರಲ್ಲಿ ಶುರುವಾಗಿ 1933ರಲ್ಲಿ ನಾಜಿಗಳ ಕಾಟಕ್ಕೆ ಮುಚ್ಚಿತು. ಅಲ್ಲಿ ಹೊಸಬರಿಗೆ ಪಾಠ ಮಾಡುತ್ತಿದ್ದವರಲ್ಲಿ ಜೋಸೆಫ್ ಆಲ್ಬರ್ಸ್ ಒಬ್ಬ. ಮೊದಲು ಪ್ರೈಮರಿ ಶಾಲೆಯ ಮೇಷ್ಟ್ರಾಗಿದ್ದವನು, ಅದಕ್ಕೇ ನನಗೆ ಅವನ ಮೇಲೆ ಸ್ವಲ್ಪ ಜಾಸ್ತಿ ಪ್ರೀತಿ. ಒಂದು ದಿನ ಕಂಕುಳಲ್ಲಿ ಹಳೆ ಪೇಪರಿನ ಕಟ್ಟು ಇಟ್ಟುಕೊಂಡು ಕ್ಲಾಸಿಗೆ ಬಂದನಂತೆ. ಎಲ್ಲರಿಗೂ ಹಂಚಿ, ಇದರಿಂದ ಏನಾದರೂ ಮಾಡಿ, ಕಾಗದ ಹಾಳು ಮಾಡಬೇಡಿ, ಆದಷ್ಟೂ ಕತ್ತರಿ ಅಂಟು ಮುಟ್ಟದೆ ಮಾಡಿ ಅಂತ ಹೇಳಿ ಹೊರಟೇಹೋದ. ಕೆಲವು ಗಂಟೆ ಬಿಟ್ಟು ಬಂದು ನೋಡಿದರೆ ದೋಣಿ, ಕೋಟೆ, ವಿಮಾನ, ಪ್ರಾಣಿ. ಇವನ್ನು ಬೇರೆ ಸಾಮಾನಿನಲ್ಲಿ ಇನ್ನೂ ಚೆನ್ನಾಗಿ ಮಾಡಬಹುದಿತ್ತಲ್ಲ ಅಂದ. ಒಬ್ಬ ಮಾತ್ರ ಪೇಪರನ್ನು ಉದ್ದಕ್ಕೆ ಮಡಿಸಿ ಒಂದು ಜೊತೆ ರೆಕ್ಕೆಯ ಹಾಗೆ ನಿಲ್ಲಿಸಿದ್ದ. ಬೇರೇನೂ ಇಲ್ಲ. ಮಲಗಿಯೇ ಇರುವ ಮೆತ್ತನೆ ಕಾಗದ ಒಂದೇ ಮಡಿಕೆಗೆ ತನ್ನ ಕಾಲ ಮೇಲೆ ತಾನು ನಿಂತಿತ್ತು. ಆಲ್ಬರ್ಸ್‌ಗೆ ಹಿಡಿಸಿದ್ದು ಅದು.

ಇದರಲ್ಲಿ ನೀನು ಗಮನಿಸಬೇಕಾದ ಒಂದು ಸಂಗತಿ ಇದೆ. ಅವನು ತಂದದ್ದಕ್ಕಿಂತ ಕಿತ್ತುಕೊಂಡದ್ದು ಜಾಸ್ತಿ. ಕುಂಚ ಇಲ್ಲ, ಬಣ್ಣ ಇಲ್ಲ, ಅಂಟು ಇಲ್ಲ, ಮೇಷ್ಟ್ರೂ ಇಲ್ಲ. ಮಕ್ಕಳು ಯಾವುದಕ್ಕೆ ಒರಗಿಕೊಂಡಿದ್ದಾರೆ ನೋಡು. ಅದನ್ನು ಒಂದು ಪೀರಿಯಡ್ಡು ಪಕ್ಕಕ್ಕಿಡು. ನಿನ್ನ ಕ್ಲಾಸಿನಲ್ಲಿ ಅದು ರಬ್ಬರು ಅಂತ ನನ್ನ ಊಹೆ. ನಾನು ಬಾಗಿಲಲ್ಲೇ ರಬ್ಬರು, ಸ್ಕೇಲು ಎಲ್ಲ ಡಬ್ಬಿಗೆ ಹಾಕಿಸಿಕೊಂಡು ಒಳಗೆ ಬಿಟ್ಟಿದ್ದೆ ಒಮ್ಮೆ. ಐದು ನಿಮಿಷ ಗಲಾಟೆ. ಆಮೇಲೆ ಹಾಳೆಯ ಕಡೆ ನೋಡದೆ ನಿಮ್ಮ ಎಡಗೈ ನೋಡುತ್ತಾ ಬರೀರಿ ಅಂದೆ. ಗೆರೆ ಎಲ್ಲೆಲ್ಲೋ ಹೋಯಿತು, ಬೆರಳು ಆರಾಯಿತು, ಏಳಾಯಿತು. ಆದರೆ ಪುಟ್ಟಿ, ಉಗುರಿನ ಮೂಲೆ, ಗೆಣ್ಣಿನ ಸುಕ್ಕು, ಸೈಕಲ್ಲಿಂದ ಬಿದ್ದ ಗಾಯದ ಕಲೆ, ಎಲ್ಲ ಬಂದಿತ್ತು! ಅಷ್ಟು ವರ್ಷದಲ್ಲಿ ಆ ಮಕ್ಕಳು ತಮ್ಮ ಕೈಯನ್ನು ಹಾಗೆ ನೋಡಿದ್ದು ಅದೇ ಮೊದಲು.

ಅಳಿಸುವ ವಿಷಯ ಬಂದಿದ್ದಕ್ಕೆ ಇನ್ನೊಂದು. ರವೀಂದ್ರನಾಥ ಠಾಕೂರರು ಹಸ್ತಪ್ರತಿಯಲ್ಲಿ ಬೇಡದ ಸಾಲುಗಳನ್ನು ಸುಮ್ನೆ ಗೀಚಿ ಹೊಡೆದುಹಾಕುತ್ತಿದ್ದರು. ಗೀಚಿದ್ದನ್ನು ಒಂದಕ್ಕೊಂದು ಸೇರಿಸುತ್ತಾ ಹೋದರೆ ಕೊಕ್ಕು, ಬಾಲ, ವಿಚಿತ್ರ ಪ್ರಾಣಿ ಎದ್ದು ಬರುತ್ತಿದ್ದವು. ಚಿತ್ರಕಾರನಾಗಿ ಅವರು ಹೊರಟದ್ದು ಹೀಗೆ, ಅದೂ ಅರವತ್ತು ದಾಟಿದ ಮೇಲೆ. 1930ರಲ್ಲಿ ಪ್ಯಾರಿಸ್ಸಿನಲ್ಲಿ ಪ್ರದರ್ಶನವೂ ಆಯಿತು. ಅವರ ಮೇಜಿನ ಮೇಲೆ ಒಳ್ಳೆ ರಬ್ಬರು ಇದ್ದಿದ್ದರೆ ಏನಾಗುತ್ತಿತ್ತೋ.

ಈಗ ನಾನು ಕೆಡಿಸಿದ ಕತೆ ಕೇಳು. ಇದನ್ನು ಅತ್ತೆಗೂ ಪೂರ್ತಿ ಹೇಳಿಲ್ಲ.

ಒಂದು ಬುಟ್ಟಿಗೆ ಬಟ್ಟೆ ಮುಚ್ಚಿಕೊಂಡು ಹೋಗಿದ್ದೆ. ಒಬ್ಬೊಬ್ಬರೇ ಬಂದು ಒಳಗೆ ಕೈಹಾಕಿ ಮುಟ್ಟಿ ನೋಡಬೇಕು, ಹೆಸರು ಹೇಳಬಾರದು, ಹೋಗಿ ಮುಟ್ಟಿದ್ದನ್ನು ಬರೆಯಬೇಕು. ಒಳಗಿದ್ದದ್ದು ಹಾಗಲಕಾಯಿ. ಎಂಥ ಚಿತ್ರಗಳು ಬಂದವು ಅಂತೀಯಾ! ಮೊಸಳೆ ಬೆನ್ನು, ಹಳೆ ಕೋಟೆ ಗೋಡೆ, ಒಬ್ಬಳು ಬರೀ ಮುಳ್ಳುಮುಳ್ಳು ಗೆರೆಯಿಂದ ಇಡೀ ಹಾಳೆ ತುಂಬಿಸಿದ್ದಳು. ನನಗೆ ಅಮಲೇರಿತು. ಮುಂದಿನ ವಾರ ಇನ್ನೂ ಜೋರಾಗಿರಲಿ ಅಂತ ನೆನೆಸಿದ ಶಾವಿಗೆ ಇಟ್ಟೆ. ಮೊದಲು ಬಂದವನು ಮೆತ್ತನೆ ಹುಡುಗ. ಕೈಹಾಕಿದವನೇ ಹಾವು ಅಂತ ಚೀರಿ ಬುಟ್ಟಿ ಬೀಳಿಸಿದ. ಕ್ಲಾಸು ಬಿದ್ದು ಬಿದ್ದು ನಕ್ಕಿತು. ನಾನೂ ನಕ್ಕೆ. ಅಲ್ಲೇ ನಾನು ಎಡವಿದ್ದು. ಆ ವರ್ಷ ಪೂರ್ತಿ ಅವನು ನನ್ನ ಪೀರಿಯಡ್ಡಿನಲ್ಲಿ ಹಾಳೆಯ ಮೂಲೆಯಲ್ಲಿ ಚಿಕ್ಕದಾಗಿ ಬರೆದು ತೋಳು ಅಡ್ಡ ಇಟ್ಟುಕೊಳ್ಳುತ್ತಿದ್ದ. ಕೇಳಿದರೆ 'ಏನಿಲ್ಲ ಸಾರ್' ಅನ್ನುತ್ತಿದ್ದ. ಎಷ್ಟು ಸಮಾಧಾನ ಮಾಡಿದರೂ ಆ ತೋಳು ತೆಗೆಯಲಿಲ್ಲ.

ಬೆರಗಾಗುವುದು ಬೇರೆ, ಬೆಚ್ಚಿಬೀಳುವುದು ಬೇರೆ. ಬೆಚ್ಚಿದ ಮಗು ಮುದುಡುತ್ತದೆ. ಅದರ ಮೇಲೆ ನಾಲ್ಕು ಜನ ನಕ್ಕರಂತೂ ಮುಗಿಯಿತು. ಹಾಗಾಗಿ ಏನೇ ಮಾಡು, ಮೊದಲು ನಿನ್ನ ಮೇಲೆ ಮಾಡಿಕೋ. ಬುಟ್ಟಿಯಾದರೆ ಮೊದಲು ನಿನ್ನ ಕೈ. ನಗುವುದಿದ್ದರೆ ನಿನ್ನನ್ನು ನೋಡಿ ನಗಲಿ.

ಖರ್ಚಿಲ್ಲದ ಒಂದು ಪಾಠ ಹೇಳುತ್ತೇನೆ, ನನ್ನ ಸರ್ವಿಸ್ಸಿನಲ್ಲಿ ಒಮ್ಮೆಯೂ ಕೈಕೊಟ್ಟಿಲ್ಲ. ಹಿಂದಿನ ದಿನ ದಪ್ಪ ಬಿಳಿ ಹಾಳೆಗಳಿಗೆ ಅರಿಶಿನದ ನೀರು ಸವರಿ ಒಣಗಿಸಿಡು. ಕ್ಲಾಸಿನಲ್ಲಿ ಬಟ್ಟೆ ಸೋಪು ಕದಡಿದ ನೀರು ಕೊಟ್ಟು, ಬೇವಿನ ಕಡ್ಡಿಗೆ ಹತ್ತಿ ಸುತ್ತಿ ಬರೆಯಲು ಹೇಳು. ಬಣ್ಣವೇ ಇಲ್ಲದ ನೀರಿನಿಂದ ಕೆಂಪು ಗೆರೆ ಏಳುತ್ತದೆ. ಆ ಕ್ಷಣ ಕ್ಲಾಸು ಮೌನ ಆಗುತ್ತೆ ನೋಡು, ಬಲೂನಿಗೆ ಕಿರುಚಿದ ಹಾಗಲ್ಲ. ಆಮೇಲೆ ನಿಂಬೆರಸ ಕೊಡು, ಕೆಂಪು ಮತ್ತೆ ಹಳದಿ. ಅಂದರೆ ಅಳಿಸುವುದಕ್ಕೂ ಒಂದು ಕುಂಚ ಸಿಕ್ಕಿತು! ಸುಣ್ಣದ ತಿಳಿಯಲ್ಲಿ ಬಣ್ಣ ಇನ್ನೂ ಚೆನ್ನಾಗಿ ಬರುತ್ತದೆ, ಆದರೆ ಕಣ್ಣಿಗೆ ಹಾರಿದರೆ ಅಪಾಯ, ಮಕ್ಕಳ ಕೈಗೆ ಕೊಡಬೇಡ. ಯಾಕೆ ಹೀಗಾಯಿತು ಅಂತ ನೀನಾಗಿ ಹೇಳಬೇಡ. ಯಾರಾದರೂ ಒಬ್ಬಳು 'ಟೀಚರ್, ನಮ್ಮಮ್ಮ ಆರತಿಯ ಅರಿಶಿನ ನೀರಿಗೆ ಸುಣ್ಣ ಹಾಕಿದಾಗಲೂ ಹೀಗೇ ಕೆಂಪಾಗುತ್ತೆ' ಅಂದೇ ಅನ್ನುತ್ತಾಳೆ. ಮನೆಯಲ್ಲಿ ನೂರು ಸಲ ನೋಡಿದ್ದು ಆವತ್ತು ಕಣ್ಣಿಗೆ ಬೀಳುತ್ತದೆ. ಒಂದು ಮಾತು, ಈ ಹಾಳೆಗಳನ್ನು ಬಿಸಿಲು ಬೀಳುವ ಗೋಡೆಗೆ ಅಂಟಿಸಬೇಡ. ಅರಿಶಿನ ಬಿಸಿಲಿಗೆ ಬೇಗ ಮಾಸುತ್ತದೆ.

ಆದರೆ ಇದನ್ನು ವಾರವಾರ ಮಾಡಬೇಡ. ತಿಂಗಳಿಗೊಮ್ಮೆ ಸಾಕು. ಪ್ರತಿ ಸಲ ಏನೋ ತರುವವಳು ಅಂತ ಗೊತ್ತಾದರೆ ನೀನು ಜಾದೂಗಾರ್ತಿ ಆಗುತ್ತೀಯ, ಮಕ್ಕಳು ಪ್ರೇಕ್ಷಕರಾಗಿ ಕೈಕಟ್ಟಿ ಕೂರುತ್ತಾರೆ. ಮಿಕ್ಕ ದಿನ ಗೆರೆ, ಛಾಯೆ, ಅಳತೆ, ಹೂಜಿ, ಬಕೆಟ್ಟು, ಎಲ್ಲ ಕಲಿಸು. ಲೋಯರ್, ಹೈಯರ್ ಡ್ರಾಯಿಂಗ್ ಪರೀಕ್ಷೆಗೆ ಕೂರುವ ಮಕ್ಕಳಿಗೆ ಅದು ಬೇಕೇ ಬೇಕು. ಕೈಗೆ ಪಳಗಿದ ಒಂದು ದಾರಿ ಇದ್ದರೆ ತಾನೆ ಅದನ್ನು ತಪ್ಪಿಸುವುದರಲ್ಲಿ ಮಜಾ?

ಅಚ್ಚರಿಯ ದಿನ ಅಂಕ ಹಾಕಬೇಡ. ಪೆನ್ನು ಮನೆಯಲ್ಲೇ ಬಿಟ್ಟು ಹೋಗು. ಹೆಡ್‌ಮಾಸ್ಟರಿಗೆ ಮೊದಲೇ ಒಂದು ಮಾತು ಹೇಳಿರು, ಸದ್ದಾದರೆ ಓಡಿ ಬರುವುದು ತಪ್ಪುತ್ತದೆ. ಗಣಿತದವರು ಪೋರ್ಷನ್ ಮುಗಿದಿಲ್ಲ ಅಂತ ನಿನ್ನ ಪೀರಿಯಡ್ಡು ಕೇಳುತ್ತಾರೆ, ಕೇಳದವರಿಲ್ಲ. ಮೊದಲ ಸಲ ಕೊಟ್ಟರೆ ವರ್ಷಪೂರ್ತಿ ಕೊಡಬೇಕಾಗುತ್ತದೆ. ನಗುನಗುತ್ತಲೇ ಇಲ್ಲ ಅನ್ನು.

ಇನ್ನೊಂದು, ನಿನಗೂ ಆಗಾಗ ಬೆರಗಾಗುತ್ತಿರಬೇಕು. ನನಗೆ ನೌಕರಿ ಸಿಕ್ಕ ಹೊಸದರಲ್ಲಿ ಇಲ್ಲೇ ಹತ್ತಿರದ ಹಳ್ಳಿಯಲ್ಲಿ ದೀವರ ಸಮುದಾಯದವರ ಒಂದು ಮನೆಗೆ ಮದುವೆಗೆ ಹೋಗಿದ್ದೆ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಜ್ಜಿಯೊಬ್ಬರು ಹಸೆ ಚಿತ್ತಾರ ಬರೆಯುತ್ತಿದ್ದರು. ಅಕ್ಕಿ ಅರೆದ ಬಿಳಿ, ಸುಟ್ಟ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಕೈಯಲ್ಲಿ ಪುಂಡಿ ನಾರಿನ ಕುಂಚ. ಸ್ಕೇಲಿಲ್ಲ, ಪೆನ್ಸಿಲ್ ಗುರುತಿಲ್ಲ, ಗೆರೆಯ ಪಕ್ಕ ಗೆರೆ ನೆಟ್ಟಗೆ ಇಳಿಯುತ್ತಿತ್ತು. ಡಿಪ್ಲೊಮಾ ಮಾಡಿದವನು ಅಂತ ಯಾರೋ ಹೊಗಳಿದರು. ಅಜ್ಜಿ ನಾರನ್ನು ನನ್ನ ಕೈಗೇ ಕೊಟ್ಟರು. ಒಂದು ಗೇಣು ಎಳೆಯುವಷ್ಟರಲ್ಲಿ ನನ್ನ ಗೆರೆ ನಡುಗಿ ಹೋಯಿತು. ಅಜ್ಜಿ ನಗಲಿಲ್ಲ. ಆ ನಡುಗಿದ ಗೆರೆಯನ್ನು ಹಾಗೇ ಸೇರಿಸಿಕೊಂಡು ಮುಂದೆ ಬರೆದರು. ಮದುವೆ ಮುಗಿಯುವವರೆಗೂ ಅದು ಆ ಗೋಡೆಯ ಮೇಲಿತ್ತು. ಮೇಷ್ಟ್ರ ಕೆಲಸ ನಾನು ಕಲಿತದ್ದು ಅಲ್ಲಿ ಅಂತ ಈಗ ಅನ್ನಿಸುತ್ತದೆ.

ಪುಂಡಿ ನಾರಿನ ಎರಡು ಕುಂಚ ಕಟ್ಟಿಸಿಟ್ಟಿದ್ದೇನೆ. ಅಡಿಕೆ ಸುಲಿತ ಮುಗಿದ ಮೇಲೆ ರಾಯಚೂರಿನ ಕಡೆ ಬರುವವರ ಹತ್ತಿರ ಕೊಟ್ಟು ಕಳಿಸುತ್ತೇನೆ. ಅತ್ತೆ ಅಪ್ಪೆಮಿಡಿ ಉಪ್ಪಿನಕಾಯಿ ಕಟ್ಟುತ್ತಿದ್ದಾಳೆ. ಆ ಬಿಸಿಲಿನಲ್ಲಿ ಕೆಡುವುದಿಲ್ಲ, ಹೆದರಬೇಡ.

ಮರೆತಿದ್ದೆ. ಸೂರ್ಯನ ಜಾಗದಲ್ಲಿ ಬಲೂನು ಬರೆದ ಹುಡುಗ ಇದ್ದಾನಲ್ಲ, ಅವನ ಆ ಮೊದಲ ಹಾಳೆ ಎಸೆದುಬಿಟ್ಟೆಯಾ? ಕಪಾಟಿನಲ್ಲಿ, ಕಸದ ಬುಟ್ಟಿಯಲ್ಲಿ, ಎಲ್ಲಿದ್ದರೂ ಹುಡುಕು. ಸಿಕ್ಕರೆ ಸುಕ್ಕು ಬಿಡಿಸಿ ಅವನಿಗೇ ವಾಪಸ್ಸು ಕೊಡು. ಬಲೂನು ಮುಳುಗಿದ ಮೇಲೆ ಆ ಊರಲ್ಲಿ ರಾತ್ರಿ ಹೇಗಿರುತ್ತೆ ಅಂತ ಕೇಳು. ಅವನು ಏನು ಬರೆದ ಅಂತ ನನಗೆ ತಿಳಿಸು.

ನಿನ್ನ ಮಾವ