ಕೂರುವ ಜಾಗ ಮಹಡಿಯ ಮೇಲೇ ಏಕೆ?

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ಬೆಳಿಗ್ಗೆ 78 ವರ್ಷದ ನನ್ನ ಅಕ್ಕನನ್ನು ಕರೆದುಕೊಂಡು ಮನೆಗೆ ಸಮೀಪದ ದರ್ಶಿನಿಯೊಂದಕ್ಕೆ ಹೋಗಿದ್ದೆ. ಮಂಡಿನೋವಿನಿಂದಾಗಿ ಹೆಚ್ಚು ಹೊತ್ತು ನಿಲ್ಲಲಾರದ ಅವರು, ಎದೆಮಟ್ಟದ ಮೇಜಿನ ಮುಂದೆ ಒಂದು ಇಡ್ಲಿ ಮುಗಿಸುವಷ್ಟರಲ್ಲೇ ಸೋತು, ತಟ್ಟೆಯನ್ನು ಕೈಯಲ್ಲಿ ಹಿಡಿದು ಬಾಗಿಲ ಬಳಿಯ ಮೆಟ್ಟಿಲ ಮೇಲೆ ಕುಳಿತರು. ಮೇಜು ಒರೆಸುತ್ತಿದ್ದ ಹುಡುಗ ಬಂದು, 'ಅಜ್ಜಿ, ಓಡಾಡೋ ಜಾಗ, ಸ್ವಲ್ಪ ಜರುಗಿ' ಎಂದ. ಅವನ ತಪ್ಪೇನೂ ಇರಲಿಲ್ಲ. ಬಿಸಿ ಕಾಫಿ ಹಿಡಿದವರು ಅಕ್ಕನನ್ನು ದಾಟಿಕೊಂಡೇ ಹೋಗಬೇಕಿತ್ತು. ಗಲ್ಲಾದಲ್ಲಿದ್ದವರ ಬಳಿ ಒಂದು ಕುರ್ಚಿ ಕೇಳಿದೆ. 'ಮೇಲೆ ಸರ್ವಿಸ್ ಹಾಲ್ ಇದೆಯಲ್ಲ ಸಾರ್, ಅಲ್ಲಿ ಆರಾಮಾಗಿ ಕೂತ್ಕೋಬಹುದು' ಎಂದು ಅವರು ಕಿರಿದಾದ ಮೆಟ್ಟಿಲುಗಳತ್ತ ಕೈ ತೋರಿಸಿದರು. ಎಣಿಸಿ ನೋಡಿದೆ, 22 ಮೆಟ್ಟಿಲುಗಳಿದ್ದವು.

ನಿಲ್ಲಬಲ್ಲವರಿಗೆ ನೆಲಮಹಡಿ, ನಿಲ್ಲಲಾಗದವರಿಗೆ ಮೊದಲ ಮಹಡಿ ಎಂಬ ಈ ವಿಚಿತ್ರ ಏರ್ಪಾಡು ಆ ಒಂದು ಹೋಟೆಲಿಗೆ ಸೀಮಿತವಲ್ಲ. ಬೆಂಗಳೂರಿನ ಹಲವು ಬಡಾವಣೆಗಳಲ್ಲಿ ಇದನ್ನೇ ಕಂಡಿದ್ದೇನೆ. ಲಿಫ್ಟ್ ಇರುವ ಹೋಟೆಲು ಸಿಗುವುದು ಅಪರೂಪ.

ದರ್ಶಿನಿಗಳನ್ನು ದೂರುವುದು ನನ್ನ ಉದ್ದೇಶವಲ್ಲ. 1983ರಲ್ಲಿ ಆರ್. ಪ್ರಭಾಕರ್ ಅವರು ಜಯನಗರದಲ್ಲಿ ಕೆಫೆ ದರ್ಶಿನಿ ಆರಂಭಿಸಿದಾಗ, ಮೊದಲೇ ದುಡ್ಡು ಕೊಟ್ಟು, ಕೌಂಟರಿನಲ್ಲಿ ತಟ್ಟೆ ಎತ್ತಿಕೊಂಡು, ನಿಂತು ತಿಂದು ಹೊರಡುವ ಈ ಕ್ರಮವು ಕಚೇರಿಗೆ ಓಡುತ್ತಿದ್ದ ನನ್ನಂಥವರಿಗೆ ದೊಡ್ಡ ಅನುಕೂಲವನ್ನೇ ಮಾಡಿಕೊಟ್ಟಿತು. ಸಪ್ಲೈಯರ್‌ಗಳ ಸಂಬಳ ಮತ್ತು ಕುರ್ಚಿ ಮೇಜುಗಳು ನುಂಗುವ ಜಾಗದ ಬಾಡಿಗೆ ಉಳಿಯುವುದರಿಂದ ತಿಂಡಿಯ ದರ ಕೈಗೆಟಕುವಂತಿರುತ್ತಿತ್ತು, ದೋಸೆ ಹುಯ್ಯುವುದು ಕಣ್ಣೆದುರೇ ಕಾಣುತ್ತಿತ್ತು, ಆಟೊ ಚಾಲಕರೂ ಬ್ಯಾಂಕ್ ಮ್ಯಾನೇಜರರೂ ಒಂದೇ ಮೇಜಿನ ಸುತ್ತ ನಿಂತು ಖಾರಾಬಾತ್ ತಿನ್ನುತ್ತಿದ್ದರು. ಆದರೆ ದರ್ಶಿನಿಗೆ ನಲವತ್ತು ದಾಟಿತು. ಅದರ ಮೊದಲ ಗಿರಾಕಿಗಳಲ್ಲಿ ಅನೇಕರಿಗೆ ಎಪ್ಪತ್ತು ದಾಟಿದೆ. ಗಿರಾಕಿಗಳಿಗೆ ವಯಸ್ಸಾಯಿತು, ಮೇಜಿನ ಎತ್ತರ ಮಾತ್ರ ಹಾಗೆಯೇ ಉಳಿಯಿತು.

1924ರಿಂದ ನಡೆದುಬಂದಿರುವ ಎಂಟಿಆರ್ ಅಥವಾ 1943ರ ವಿದ್ಯಾರ್ಥಿ ಭವನದಂಥ ಹಳೆಯ ಹೋಟೆಲುಗಳಲ್ಲಿ ಇಂದಿಗೂ ಕುಳಿತೇ ತಿನ್ನಬಹುದು ಎಂದು ಯಾರಾದರೂ ಹೇಳಬಹುದು. ನಿಜ, ಆದರೆ ಭಾನುವಾರ ಅಲ್ಲಿ ಕುಳಿತುಕೊಳ್ಳುವ ಸರದಿ ಬರುವವರೆಗೆ ನಿಂತು ಕಾಯುವುದು ಇದಕ್ಕಿಂತ ಕಷ್ಟ. ಪಾರ್ಸಲ್ ತರೋಣವೆಂದರೆ, ಮನೆ ಸೇರುವಷ್ಟರಲ್ಲಿ ದೋಸೆ ಮೆತ್ತಗಾಗಿರುತ್ತದೆ. ಅಲ್ಲದೆ ಅಕ್ಕನಿಗೆ ಬೇಕಿರುವುದು ತಿಂಡಿಯೊಂದೇ ಅಲ್ಲ, ವಾರಕ್ಕೊಮ್ಮೆ ನಾಲ್ಕು ಜನರ ನಡುವೆ ಕಾಫಿ ಕುಡಿಯುವ ಸಂತೋಷ.

ಮಹಡಿಯ ಮೇಲಿನ ದರದ ಬಗ್ಗೆಯೂ ಒಂದು ಮಾತು. ಅದೇ ಇಡ್ಲಿ-ವಡೆಗೆ ಅಲ್ಲಿ ಹೆಚ್ಚು ಬೆಲೆ ಏಕೆಂದು ವಿಚಾರಿಸಿದರೆ 'ಏಸಿ ಟ್ಯಾಕ್ಸ್' ಎಂಬ ಉತ್ತರ ನನಗೆ ಈಗಲೂ ಸಿಗುತ್ತದೆ. ಹವಾನಿಯಂತ್ರಿತ ಹೋಟೆಲಿಗೆ ಶೇ 18, ಉಳಿದವಕ್ಕೆ ಶೇ 12 ಎಂಬ ಜಿಎಸ್‌ಟಿ ವ್ಯತ್ಯಾಸವು 2017ರ ನವೆಂಬರ್ 15ರಂದೇ ಕೊನೆಗೊಂಡು, ಇಂಥ ಸಾಮಾನ್ಯ ಹೋಟೆಲುಗಳಿಗೆಲ್ಲ ಏಸಿ ಇರಲಿ, ಇಲ್ಲದಿರಲಿ, ಶೇ 5ರ ಒಂದೇ ದರವಿದೆ. ಬಡಿಸುವವರ ಸಂಬಳಕ್ಕಾಗಿ ಹೆಚ್ಚು ಕೊಡಿ ಎಂದರೆ ಸಂತೋಷದಿಂದ ಕೊಡುತ್ತೇನೆ. ಅದಕ್ಕೆ ತೆರಿಗೆಯ ಹೆಸರು ಹೇಳುವುದು ಬೇಡ.

ಮಾಲೀಕರ ಕಷ್ಟ ನನಗೆ ತಿಳಿಯದ್ದಲ್ಲ. 2025ರ ಏಪ್ರಿಲ್ 1ರಿಂದ ನಂದಿನಿ ಹಾಲಿನ ಬೆಲೆ ಲೀಟರಿಗೆ 4 ರೂಪಾಯಿ ಏರಿತು, ಕಾಫಿಪುಡಿಯೂ ದುಬಾರಿಯಾಯಿತು, ಕಟ್ಟಡದ ಬಾಡಿಗೆಯಂತೂ ಹೇಳುವುದೇ ಬೇಡ. ಕುರ್ಚಿ ಹಾಕಿದರೆ ಬೈಟು ಕಾಫಿ ಹಿಡಿದು ಗಂಟೆಗಟ್ಟಲೆ ಕೂರುತ್ತಾರೆ ಎಂಬುದು ಅವರ ಇನ್ನೊಂದು ಅಳಲು. ಅದು ಸುಳ್ಳಲ್ಲ, ನಾನೂ ಹಾಗೆ ಕೂತವನೇ. ಆದ್ದರಿಂದ ನಾನು ಕೇಳುತ್ತಿರುವುದು ಇಡೀ ಹೋಟೆಲಿಗೆ ಕುರ್ಚಿಗಳನ್ನಲ್ಲ. ನೆಲಮಹಡಿಯ ಒಂದು ಗೋಡೆಗೆ ಹೊಂದಿಕೊಂಡಂತೆ ನಾಲ್ಕು ಜನ ಕೂರುವ ಬೆಂಚು, ಅದರ ಮುಂದೆ ಸಾಮಾನ್ಯ ಎತ್ತರದ ಒಂದು ಮೇಜು, ಬಿಎಂಟಿಸಿ ಬಸ್ಸುಗಳಲ್ಲಿರುವಂತೆ 'ಹಿರಿಯ ನಾಗರಿಕರಿಗೆ' ಎಂಬ ಒಂದು ಬರಹ, ಇಷ್ಟಿದ್ದರೆ ಸಾಕು. ಗರ್ಭಿಣಿಯರಿಗೂ, ಚಿಕ್ಕ ಮಕ್ಕಳನ್ನು ಕರೆತಂದವರಿಗೂ, ಗಾಲಿಕುರ್ಚಿಯಲ್ಲಿ ಬರುವವರಿಗೂ ಅದೇ ಮೇಜು ಒದಗುತ್ತದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯು ಸರ್ಕಾರಿ ಸೇವೆಗಳಷ್ಟೇ ಅಲ್ಲ, ಖಾಸಗಿ ಸೇವೆಗಳೂ ಅಂಗವಿಕಲರಿಗೆ ಎಟಕುವಂತಿರಬೇಕೆಂದು ಬಯಸುತ್ತದೆ. ಎದೆಮಟ್ಟದ ಮೇಜುಗಳು ಮಾತ್ರವೇ ಇರುವ ಹೋಟೆಲಿನಲ್ಲಿ ಗಾಲಿಕುರ್ಚಿಯಲ್ಲಿರುವವರು ತಟ್ಟೆಯನ್ನು ಎಲ್ಲಿಡಬೇಕು?

ಈಗ ಐದು ನಗರಪಾಲಿಕೆಗಳಾಗಿರುವ ಬೆಂಗಳೂರಿನ ಆಡಳಿತವು, ಹೋಟೆಲುಗಳ ಉದ್ದಿಮೆ ಪರವಾನಗಿಯನ್ನು ನವೀಕರಿಸುವಾಗ ನೆಲಮಹಡಿಯಲ್ಲಿ ಇಷ್ಟು ಆಸನವಿರಬೇಕೆಂಬ ಒಂದು ಷರತ್ತನ್ನು ಸೇರಿಸಬೇಕೆಂದು ಈ ಪತ್ರದ ಮೂಲಕ ಕೋರುತ್ತೇನೆ. ಷರತ್ತು ಬರುವವರೆಗೆ ಕಾಯದೆ ಹೋಟೆಲ್ ಮಾಲೀಕರ ಸಂಘವೇ ತನ್ನ ಸದಸ್ಯರಿಗೆ ಸೂಚನೆ ಕೊಟ್ಟರೆ ಇನ್ನೂ ಒಳ್ಳೆಯದು. ಬೆಂಚಿಗೆ ಜಾಗವೇ ಇಲ್ಲದ ಸಣ್ಣ ಹೋಟೆಲಿನವರು, ಗಲ್ಲಾದ ಹಿಂದೆ ಎರಡು ಪ್ಲಾಸ್ಟಿಕ್ ಕುರ್ಚಿಗಳನ್ನು ಇಟ್ಟುಕೊಂಡು ಕೇಳಿದವರಿಗೆ ಕೊಡಲಿ.

ಇತಿ,
ಒಬ್ಬ ಹಿರಿಯ ಓದುಗ
ಬಸವನಗುಡಿ, ಬೆಂಗಳೂರು