ಸಿಸಿಲಿಯ ಅಜ್ಜಿಯನ್ನು ಬರೆಯುವಾಗ

ಪ್ರಿಯ ತಂಗಿ,

ನಿನ್ನ ಅತ್ತೆಯ ಅಜ್ಜಿಯ ಬಗ್ಗೆ ಬರೆದ ಕರಡು ಓದಿದೆ. 1913ರಲ್ಲಿ ಇಟಲಿಯ ಸಿಸಿಲಿ ದ್ವೀಪದಿಂದ ಹಡಗು ಹತ್ತಿ ನ್ಯೂಯಾರ್ಕಿನ ಬ್ರೂಕ್ಲಿನ್‌ಗೆ ಬಂದ ಹೆಂಗಸು, ಆರು ಮಕ್ಕಳು, ದಿನಾ ಬೆಳಗ್ಗೆ ಚರ್ಚು. ಮೊದಲೆರಡು ಪುಟಗಳಲ್ಲೇ ‘ತ್ಯಾಗಮಯಿ’, ‘ಕರುಣಾಮಯಿ’, ‘ಮಮತೆಯ ಮೂರ್ತಿ’ ಎಲ್ಲ ಬಂದುಹೋಗಿವೆ. ಅವಳು ಮಾತ್ರ ಇನ್ನೂ ಬಂದಿಲ್ಲ. ಅಜ್ಜಿಯ ಬಗ್ಗೆ ಕನ್ನಡದಲ್ಲಿ ಬರೆಯಲು ಕೂತರೆ ಈ ಪದಗಳು ಕರೆಯದೇ ಬರುತ್ತವೆ. ಎಲ್ಲವನ್ನೂ ಹೊಡೆದುಹಾಕು. ಅವಳ ನಿಷ್ಠೆ ಸಿಗಬೇಕಾದದ್ದು ಅವಳು ಮಾಡಿದ ಕೆಲಸದಲ್ಲಿ, ಮತ್ತೆ ಅವಳ ಹೆಸರಿರುವ ಕಾಗದಗಳಲ್ಲಿ.

ಕಾಗದ ಮೊದಲು. ವಲಸೆ ಬಂದವರನ್ನು ತಪಾಸಣೆ ಮಾಡುತ್ತಿದ್ದ ನ್ಯೂಯಾರ್ಕ್ ಬಂದರಿನ ಎಲ್ಲಿಸ್ ಐಲ್ಯಾಂಡಿನ ಗುಮಾಸ್ತ ಮನೆತನದ ಹೆಸರನ್ನೇ ಬದಲಿಸಿಬಿಟ್ಟ ಎಂದಿದ್ದೀಯ. ಬಹಳ ಇಟಾಲಿಯನ್ ಮನೆಗಳಲ್ಲಿ ಈ ಕಥೆ ಹೇಳುತ್ತಾರೆ, ಆದರೆ ನಡೆದದ್ದು ಹಾಗಲ್ಲ. ಪ್ರಯಾಣಿಕರ ಪಟ್ಟಿಯನ್ನು ಹಡಗು ಕಂಪನಿಯವರು ಪಲೆರ್ಮೊ, ನೇಪಲ್ಸ್ ಬಂದರುಗಳಲ್ಲೇ ಬರೆದಿರುತ್ತಿದ್ದರು. ನ್ಯೂಯಾರ್ಕಿನ ಇನ್‌ಸ್ಪೆಕ್ಟರ್ ಅದನ್ನು ಮುಂದಿಟ್ಟುಕೊಂಡು ಪ್ರಶ್ನೆ ಕೇಳಿ ಗುರುತು ಹಾಕುತ್ತಿದ್ದ, ಅಷ್ಟೆ. ಹೆಸರು ಬದಲಾಗುತ್ತಿದ್ದದ್ದು ಆಮೇಲೆ, ಶಾಲೆಯಲ್ಲೋ ಕೆಲಸದ ಕಡೆಯೋ ಪೌರತ್ವದ ಅರ್ಜಿಯಲ್ಲೋ. ಪಟ್ಟಿಯಲ್ಲಿ ಅವಳು ಸಿಗಲೇ ಇಲ್ಲ ಎಂದೆಯಲ್ಲ, ಗಂಡನ ಮನೆತನದ ಹೆಸರಿನಲ್ಲಿ ಹುಡುಕಿರುತ್ತೀಯ. ಇಟಲಿಯ ದಾಖಲೆಗಳಲ್ಲಿ ಹೆಂಗಸರು ಮದುವೆಯಾದ ಮೇಲೂ ತವರಿನ ಹೆಸರಲ್ಲೇ ಇರುತ್ತಾರೆ. ಆ ಹೆಸರಿನಿಂದ ಮತ್ತೆ ಹುಡುಕು.

ಸಿಕ್ಕ ಮೇಲೆ ಎಡಬಲ ಎರಡೂ ಪುಟ ನೋಡು. 1907ರ ನಂತರದ ಪಟ್ಟಿ ಎರಡು ಪುಟಗಳ ಅಗಲ, 29 ಕಲಂ: ಊರಲ್ಲಿ ಬಿಟ್ಟುಬಂದ ಹತ್ತಿರದ ನೆಂಟರು ಯಾರು, ಟಿಕೆಟ್ಟಿನ ದುಡ್ಡು ಕೊಟ್ಟವರು ಯಾರು, ಕೈಯಲ್ಲಿ ಎಷ್ಟು ಡಾಲರ್, ಯಾವ ವಿಳಾಸಕ್ಕೆ ಹೊರಟದ್ದು, ಎತ್ತರ, ಕಣ್ಣಿನ ಬಣ್ಣ. ಹೆಚ್ಚಿನವರು ಅಲ್ಲಿಗೇ ನಿಲ್ಲಿಸುತ್ತಾರೆ. ನೀನು ಆ ಹಡಗಿನ ಪಟ್ಟಿಯ ಕೊನೆಯವರೆಗೂ ಹೋಗು; ತಡೆದಿಟ್ಟವರ ಪಟ್ಟಿ ಅಲ್ಲಿರುತ್ತದೆ. ಮಕ್ಕಳನ್ನು ಕಟ್ಟಿಕೊಂಡು ಒಬ್ಬಳೇ ಬಂದವಳನ್ನು ಸಾಮಾನ್ಯವಾಗಿ ಗಂಡ ಬರುವವರೆಗೆ, ಇಲ್ಲವೇ ತಂತಿಯಲ್ಲಿ ದುಡ್ಡು ಬರುವವರೆಗೆ ಹೊರಗೆ ಬಿಡುತ್ತಿರಲಿಲ್ಲ. ಆ ಹಾಳೆಯಲ್ಲಿ ತಡೆದ ಕಾರಣ, ಬಿಟ್ಟ ಹೊತ್ತು, ಕೊನೆಗೆ ಕೊಟ್ಟ ಊಟಗಳ ಲೆಕ್ಕ ಇರುತ್ತದೆ: ಬೆಳಗಿನದೆಷ್ಟು, ಮಧ್ಯಾಹ್ನದ್ದೆಷ್ಟು, ರಾತ್ರಿಯದೆಷ್ಟು. ಅವಳು ಅಲ್ಲಿ ಎಷ್ಟು ರಾತ್ರಿ ಕಾದಳು ಎಂಬುದು ಊಟದ ಲೆಕ್ಕದಲ್ಲೇ ತಿಳಿಯುತ್ತದೆ. ‘ಎಷ್ಟು ಕಷ್ಟಪಟ್ಟಳೋ’ ಎಂಬ ನಿನ್ನ ವಾಕ್ಯದ ಜಾಗದಲ್ಲಿ ಆ ಮೂರು ಅಂಕಿಗಳನ್ನು ಇಡು.

ಪೌರತ್ವದ ವಿಷಯದಲ್ಲಿ ಒಂದು ತಾರೀಖು ನೆನಪಿಡು, 1922ರ ಸೆಪ್ಟೆಂಬರ್ 22. ಅದಕ್ಕೆ ಮುಂಚೆ ಗಂಡ ಅಮೆರಿಕದ ಪ್ರಜೆಯಾದರೆ ಹೆಂಡತಿಯೂ ಆದಂತೆಯೇ. ಅವಳ ಹೆಸರಿನಲ್ಲಿ ಬೇರೆ ಅರ್ಜಿಯೇ ಇರುವುದಿಲ್ಲ. ಗಂಡ ಆಮೇಲೆ ಆಗಿದ್ದರೆ ಅವಳು ತಾನೇ ಅರ್ಜಿ ಹಾಕಿರಬೇಕು, ಅದರಲ್ಲಿ ಅವಳ ಸಹಿ ಇರುತ್ತದೆ. ಅರ್ಜಿಯನ್ನೇ ಹಾಕದೆ ಉಳಿದಿದ್ದರೆ, ಅಮೆರಿಕ ಇಟಲಿಯ ಜೊತೆ ಯುದ್ಧದಲ್ಲಿದ್ದ 1942ರಲ್ಲಿ ಅವಳು ಶತ್ರುದೇಶದವಳು. ಅಂಥ ಇಟಾಲಿಯನ್ನರು ಸುಮಾರು 6 ಲಕ್ಷ. ಫೋಟೊ, ಬೆರಳಚ್ಚು ಇರುವ ಪುಸ್ತಕ ಸದಾ ಜೊತೆಗಿರಬೇಕು. ಶಾರ್ಟ್‌ವೇವ್ ರೇಡಿಯೊ, ಕ್ಯಾಮೆರಾ ಒಪ್ಪಿಸಬೇಕು. ಆ ಕಟ್ಟುಪಾಡು ತೆಗೆಯುವುದಾಗಿ ಆ ವರ್ಷದ ಅಕ್ಟೋಬರ್ 12ರಂದು ಘೋಷಿಸಿದರು. ಮಗ ಅಮೆರಿಕದ ಸೈನ್ಯದಲ್ಲಿದ್ದ ಎಂದು ಬರೆದಿದ್ದೀಯ. ಎರಡನ್ನೂ ಪಕ್ಕಪಕ್ಕ ಇಡು, ವ್ಯಾಖ್ಯಾನ ಬೇಡ.

ಹುಟ್ಟಿದ ದಿನ ಹುಡುಕಲು ‘ಸಿಸಿಲಿ’ ಎಂದರೆ ಸಾಲದು, ಊರಿನ ಹೆಸರೇ ಬೇಕು. ಅಲ್ಲಿ 1820ರಿಂದ ಊರುವಾರು ಜನನ, ಮದುವೆ, ಮರಣದ ದಾಖಲೆ ಇದೆ. ಇಟಲಿಯ ಸರ್ಕಾರಿ ಪತ್ರಾಗಾರಗಳ ‘ಆಂತೆನಾತಿ’ ಜಾಲತಾಣದಲ್ಲಿ ಬಹಳಷ್ಟನ್ನು ಪುಕ್ಕಟೆ ನೋಡಬಹುದು.

ಇನ್ನು ಟೊಮೆಟೊ. ‘ಪ್ರೀತಿಯಿಂದ ಸಾಸ್ ಮಾಡುತ್ತಿದ್ದಳು’ ಎಂದು ಒಂದೇ ಸಾಲಲ್ಲಿ ಮುಗಿಸಿದ್ದೀಯ. ಇಡೀ ಲೇಖನದ ಜೀವ ಅಲ್ಲಿದೆ, ಮಾರಾಯ್ತಿ! ಆಗಸ್ಟಿನಲ್ಲಿ ಹಣ್ಣು ತೊಳೆದು, ಕೊಳೆತದ್ದನ್ನು ಕತ್ತರಿಸಿ, ಬೇಯಿಸಿ, ಕೈಯಿಂದ ತಿರುಗಿಸುವ ಯಂತ್ರಕ್ಕೆ ಹಾಕಿ ಸಿಪ್ಪೆ ಬೀಜ ಬೇರೆ ಮಾಡಬೇಕು. ಪ್ರತಿ ಬಾಟಲಿಗೆ ಬೇಸಿಲ್ ಎಲೆ ಒಂದು. ಬಾಯಿವರೆಗೂ ತುಂಬಿದರೆ ಕುದಿಯುವಾಗ ಉಕ್ಕಿ ಮುಚ್ಚಳ ಕಚ್ಚುವುದಿಲ್ಲ. ಕುದಿಸಲು ನೀರಿನ ಡ್ರಮ್ಮಿನಲ್ಲಿ ಇಡುವಾಗ ಬಾಟಲಿಗಳ ನಡುವೆ ಹಳೇ ಬಟ್ಟೆ ತುರುಕದಿದ್ದರೆ ಒಂದಕ್ಕೊಂದು ಬಡಿದು ಒಡೆಯುತ್ತವೆ. ಬಿಸಿ ಬಾಟಲಿಯನ್ನು ತಣ್ಣನೆ ಕಲ್ಲಿನ ಮೇಲಿಟ್ಟರೂ ಅದೇ ಗತಿ. ಒಂದು ಬುಶೆಲ್ ಎಂದರೆ ಸುಮಾರು 24 ಕೆ.ಜಿ. ಹಣ್ಣು, ತೆಳು ಸಾಸ್ ಮಾಡಿದರೆ ಲೀಟರಿಗಿಂತ ಚೂರು ಕಡಿಮೆ ಹಿಡಿಯುವ ಬಾಟಲಿಗಳು 10ರಿಂದ 12 ತುಂಬುತ್ತವೆ. ಆರು ಮಕ್ಕಳ ಮನೆಗೆ ಭಾನುವಾರಕ್ಕೆ ಎರಡು ಬಾಟಲಿ ಹಿಡಿ, ವರ್ಷಕ್ಕೆ 104. ಅಂದರೆ 200 ಕೆ.ಜಿ.ಗೂ ಮೀರಿದ ಹಣ್ಣು ಒಂದು ಹೆಂಗಸಿನ ಕೈ ದಾಟಿ ಹೋಗಬೇಕು. ನಿಜವಾಗಿ ಎಷ್ಟು ಬಾಟಲಿ ಇರುತ್ತಿತ್ತು ಎಂದು ಅತ್ತೆಯನ್ನು ಕೇಳಿ ಲೆಕ್ಕ ಸರಿಮಾಡಿಕೋ.

ಪಾಕವಿಧಾನ ಎಂದೇ ಕೊಡುವುದಾದರೆ ಇನ್ನೊಂದು ಮಾತು ಸೇರಿಸಲೇಬೇಕು. ಆಗಿನವರು ಹುಳಿ ಸೇರಿಸುತ್ತಿರಲಿಲ್ಲ. ತೀರಾ ಕಳಿತ ಹಣ್ಣಲ್ಲಿ ಹುಳಿ ಕಡಿಮೆಯಾಗಿ ಬಾಟಲಿಯೊಳಗೆ ಬಾಟುಲಿಸಂ ವಿಷ ಹುಟ್ಟಬಹುದು. ಈಗಿನ ಕ್ರಮದಲ್ಲಿ ಅಷ್ಟು ದೊಡ್ಡ ಬಾಟಲಿಗೆ ಎರಡು ದೊಡ್ಡ ಚಮಚ ನಿಂಬೆರಸ (ಹಿಂಡಿದ್ದಲ್ಲ, ಅಂಗಡಿಯಲ್ಲಿ ಬಾಟಲಿಯಲ್ಲಿ ಸಿಗುವುದು), ಬಿಸಿ ಸಾಸ್ ತುಂಬಿ ಕುದಿಯುವ ನೀರಲ್ಲಿ 40 ನಿಮಿಷ. ಎತ್ತರದ ಊರಾದರೆ ಇನ್ನೂ ಹೆಚ್ಚು. ಬೆಂಗಳೂರು ಎತ್ತರದಲ್ಲಿದೆ, ಓದಿದವರಲ್ಲಿ ಯಾರಾದರೂ ಮಾಡಿ ನೋಡದೆ ಇರುವುದಿಲ್ಲ.

ಕೆಟ್ಟ ಕಣ್ಣಿನ ಭಾಗದಲ್ಲಿ ‘ನಮ್ಮಲ್ಲಿ ದೃಷ್ಟಿ ತೆಗೆದ ಹಾಗೆಯೇ’ ಎಂದು ತೇಲಿಸಿದ್ದೀಯ. ಹಾಗೆ ಅಂದ ತಕ್ಷಣ ಓದುವವರ ಕಣ್ಣಿಗೆ ಮೆಣಸಿನಕಾಯಿ, ಉಪ್ಪು ಬರುತ್ತದೆ, ಅವಳ ತಟ್ಟೆ ಮರೆಯಾಗುತ್ತದೆ. ಅಲ್ಲಿ ಮೊದಲು ಪರೀಕ್ಷೆ: ತಟ್ಟೆಯಲ್ಲಿ ನೀರು, ಅದರ ಮೇಲೆ ಆಲಿವ್ ಎಣ್ಣೆಯ ಹನಿ. ಹನಿ ಹೇಗೆ ಹರಡಿತು, ಹೇಗೆ ಕೂಡಿತು ಎಂದು ನೋಡಿ ದೃಷ್ಟಿ ತಗುಲಿದೆಯೋ ಇಲ್ಲವೋ ಹೇಳುವುದು. ಮಂತ್ರವನ್ನು ಕ್ರಿಸ್‌ಮಸ್ ಹಿಂದಿನ ರಾತ್ರಿ ಮಾತ್ರ ಇನ್ನೊಬ್ಬರಿಗೆ ಕಲಿಸಬೇಕು ಎಂಬುದು ರೂಢಿ. ಅವಳು ಯಾರಿಗೆ ಕಲಿಸಿದಳು? ಕರಡಿನಲ್ಲಿ ಇಲ್ಲ.

ಮಾತಿನ ಬಗ್ಗೆ: ಅವಳ ಬಾಯಲ್ಲಿ ನೀನು ಹಾಕಿರುವ ಹಳ್ಳಿಗನ್ನಡ ನನಗೆ ಒಪ್ಪಿಗೆಯಿಲ್ಲ. ಅವಳು ಆಡಿದ್ದು ಸಿಸಿಲಿಯನ್, ಪುಸ್ತಕದ ಇಟಾಲಿಯನ್ ಅಲ್ಲ, ನಿಜ. ಆದರೆ ಗದಗಿನ ಮಾತು ಹಚ್ಚಿದರೆ ಅವಳು ಗದಗಿನವಳಾಗುತ್ತಾಳೆ. ಸಾದಾ ಕನ್ನಡದಲ್ಲಿ ಸಣ್ಣ ವಾಕ್ಯ ಬರೆ. ಹಬ್ಬಗಳನ್ನೂ ಕಲಸಬೇಡ. ಮಾರ್ಚ್ 19ಕ್ಕೆ ಸಂತ ಜೋಸೆಫರ ಹೆಸರಿನಲ್ಲಿ ಊಟ ಜೋಡಿಸುವ ಮೇಜು, ಬಡಗಿಯಾಗಿದ್ದ ಅವರ ಮರದ ಹೊಟ್ಟಿನ ನೆನಪಿಗೆ ಪಾಸ್ತಾದ ಮೇಲೆ ಹುರಿದ ಬ್ರೆಡ್ಡಿನ ಪುಡಿ, ಇದು ಸಿಸಿಲಿಯವರದು. ನೀನು ಸೇರಿಸಿದ ಸಂತ ಜೆನ್ನಾರೊ ನೇಪಲ್ಸ್‌ನವರ ಪಾಲಿನವನು.

ಮೊದಲು ಟೊಮೆಟೊ ಭಾಗವನ್ನಷ್ಟೇ ತಿದ್ದಿ ಬರೆ. ಬರೆದದ್ದನ್ನು ಅತ್ತೆಗೆ ಇಂಗ್ಲಿಷಿನಲ್ಲಿ ಹೇಳಿ ನೋಡು. ಅವರು ಎಲ್ಲಿ ತಡೆದು ‘ಹಾಗಲ್ಲ’ ಅನ್ನುತ್ತಾರೋ ಅದನ್ನು ಅಂಚಿನಲ್ಲಿ ಗುರುತು ಹಾಕಿಕೊಂಡು ನನಗೆ ಕಳಿಸು.

ಇತಿ,
ನಿನ್ನ ಅಕ್ಕ